ಸುಳ್ಳು ಅಂಕಿಗೆ ರೊಕ್ಕ ಕಟ್ಟೋರು ಯಾರು?

ಸಂಶೋಧನೆಯಲ್ಲಿ ಮೋಸ ಸಿಕ್ಕಿಬಿದ್ದಾಗಲೆಲ್ಲ ಸುದ್ದಿಯಾಗುವುದು ಅನುದಾನದ ಮೊತ್ತ. ನನ್ನ ಪ್ರಕಾರ ನಷ್ಟದಲ್ಲಿ ಅದು ಸಣ್ಣ ಪಾಲು. 1992ರಿಂದ 2012ರವರೆಗೆ ಮೋಸದ ಕಾರಣಕ್ಕೆ ಹಿಂಪಡೆದ ಪ್ರಬಂಧಗಳಿಗೆ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ ನೇರವಾಗಿ ಕೊಟ್ಟಿದ್ದು ಸುಮಾರು 5.8 ಕೋಟಿ ಡಾಲರ್ ಎಂದು ಲೆಕ್ಕ ಹಾಕಿದ್ದಾರೆ. ಆ ಸಂಸ್ಥೆಯ ಬಜೆಟ್ಟಿನಲ್ಲಿ ಇದು ಶೇ 1 ಕೂಡ ಅಲ್ಲ. ಆದರೆ ಅಲ್ಲಿನ ಡ್ಯೂಕ್ ವಿಶ್ವವಿದ್ಯಾಲಯ, ಸುಳ್ಳು ದತ್ತಾಂಶ ತೋರಿಸಿ ಅನುದಾನ ಪಡೆದ ಆರೋಪದ ಒಂದೇ ಮೊಕದ್ದಮೆ ಬಗೆಹರಿಸಿಕೊಳ್ಳಲು 2019ರಲ್ಲಿ 11.25 ಕೋಟಿ ಡಾಲರ್ ತೆತ್ತಿತು.

ನಮ್ಮ ಕಡೆ ಬರೋಣ. ಬ್ಯಾಡಗಿ ಮೆಣಸಿನಕಾಯಿ ಮೇಲೆ ಯಾವುದೋ ಸಿಂಪಡಣೆಯ ಪ್ರಯೋಗ ಅಂದುಕೊಳ್ಳಿ. ನಿವ್ವಳ ಪ್ಲಾಟ್ (ಅಂಚಿನ ಸಾಲು ಬಿಟ್ಟು ಇಳುವರಿ ತೂಗುವ ತುಂಡು) 5.4 × 4.8 ಮೀಟರ್, ಅಂದರೆ 25.92 ಚದರ ಮೀಟರ್. ಪ್ಲಾಟಿನ ಇಳುವರಿಯನ್ನು ಸುಮಾರು 386ರಿಂದ ಗುಣಿಸಿದರೆ ಹೆಕ್ಟೇರ್ ಲೆಕ್ಕ. ಶೇ 10 ತೇವಾಂಶಕ್ಕೆ ಒಣಗಿಸಿದ 1.90 ಕಿಲೋ ಕಾಯಿಯನ್ನೇ ಶೇ 20 ತೇವಾಂಶ ಇದ್ದಾಗ ತೂಗಿದ್ದರೆ 2.14 ಕಿಲೋ ಬರುತ್ತಿತ್ತು. ಹೆಕ್ಟೇರಿಗೆ 733 ಇದ್ದದ್ದು 826 ಕಿಲೋ! ಒಂದಂಕಿಯನ್ನೂ ತಿದ್ದಬೇಕಿಲ್ಲ, ಬೇಕಾದ ಪ್ಲಾಟಿನ ಕಾಯಿ ಎರಡು ದಿನ ಮೊದಲೇ ತೂಗಿದರಾಯಿತು.

ಈ 93 ಕಿಲೋ ನಂಬಿ 500 ರೈತರು ತಲಾ ಎರಡು ಎಕರೆಗೆ, ಎಕರೆಗೆ 2,000 ರೂಪಾಯಿಯಂತೆ ಸಿಂಪಡಣೆ ಮಾಡಿದರು ಎಂದಿಟ್ಟುಕೊಳ್ಳಿ. ಒಂದೇ ಹಂಗಾಮಿಗೆ 20 ಲಕ್ಷ. ಈ ರೊಕ್ಕ ಯಾವ ತನಿಖಾ ವರದಿಯಲ್ಲೂ ಬರುವುದಿಲ್ಲ, ಸಾಲ ರೈತನ ಸೊಸೈಟಿ ಪಾಸ್‌ಬುಕ್ಕಿನಲ್ಲಿ ಉಳಿಯುತ್ತದೆ. ಅದೇ ಪ್ರಬಂಧ ನಂಬಿ ಮುಂದಿನ ಕೆಲಸ ಹಿಡಿದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ವಿದ್ಯಾರ್ಥಿಯ ಎರಡು ವರ್ಷ ಹಾಳಾದರೆ, ತಿಂಗಳಿಗೆ 37,000ದಂತೆ 8.88 ಲಕ್ಷ ಫೆಲೋಶಿಪ್ ನೀರಿನಲ್ಲಿ ಹೋಮ. ‘ಫಲಿತಾಂಶ ಯಾಕೆ ಬರವಲ್ದು’ ಅಂತ ಗೈಡ್ ಬೈಯುವುದೂ ಅವನನ್ನೇ.

ಇದನ್ನು ಹಿಡಿಯಲು ನಮ್ಮಲ್ಲಿ ಇರುವುದೇನು? ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮ: ಬೇರೆಯವರ ಬರಹಕ್ಕೆ ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. ಸಾಫ್ಟ್‌ವೇರ್ ನೋಡುವುದು ಕದ್ದ ವಾಕ್ಯವನ್ನು. ಕೂತು ಹುಟ್ಟಿಸಿದ ಅಂಕಿ ಯಾರದಕ್ಕೂ ಹೋಲುವುದಿಲ್ಲ, ಹಾಗಾಗಿ ಸಲೀಸಾಗಿ ಪಾಸು. ಇಷ್ಟಕ್ಕೇ ನೆಮ್ಮದಿಯಾಗಿ ಕೂತಿರುವುದು ನನಗಂತೂ ತಮಾಷೆ ಅನಿಸುತ್ತದೆ.

ಹುಟ್ಟಿಸಿದ ಅಂಕಿಯ ಗುರುತು ಬೇರೆ ಕಡೆ ಇರುತ್ತದೆ. ಮಳೆಯಾಶ್ರಿತ ಎರೆಹೊಲದಲ್ಲಿ ಮೂರು ರೆಪ್ಲಿಕೇಶನ್ (ಅದೇ ಪ್ರಯೋಗದ ಪುನರಾವರ್ತನೆ) ಅಚ್ಚು ಹಾಕಿದಂತೆ ಒಂದೇ ಸಮ ಬಂದರೆ ಅನುಮಾನ ಪಡಿ. ಅಲ್ಲಿ ನೆಲವೇ ಒಂದೇ ಸಮ ಇರುವುದಿಲ್ಲ. ತೂಕದ ಕೊನೆಯ ಅಂಕಿಗಳನ್ನು ಎಣಿಸಿ: ನೂರಾರು ತೂಕಗಳಲ್ಲಿ 0ಯಿಂದ 9ರವರೆಗೆ ಹೆಚ್ಚುಕಡಿಮೆ ಸಮನಾಗಿ ಹರಡಿರಬೇಕು. ತಲೆಯಿಂದ ಬರೆದವರಿಗೆ ಕೆಲವು ಅಂಕಿಗಳ ಮೇಲೆ ಪ್ರೀತಿ ಜಾಸ್ತಿ. ಇದರಿಂದಲೇ ಮೋಸ ಸಾಬೀತಾಗುವುದಿಲ್ಲ, ಮೂಲ ದಾಖಲೆ ಕೇಳಲು ಕಾರಣ ಸಿಗುತ್ತದೆ ಅಷ್ಟೇ.

ಆ ದಾಖಲೆ ಅಂದರೆ ಫೀಲ್ಡ್ ಬುಕ್, ಹೊಲದಲ್ಲಿ ಅಳೆದದ್ದನ್ನು ಬರೆದಿಡುವ ಪುಸ್ತಕ. ಪೆನ್ನಿನಲ್ಲೇ ಬರೆದಿರಬೇಕು. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕಕ್ಕೆ ಸಹಿ, ದಿನಾಂಕ. ಪ್ರತಿ ಪ್ಲಾಟಿನ ತೂಕದ ಎದುರು ತೂಗಿದ ದಿನ ಮತ್ತು ತೇವಾಂಶ. ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಬಂದ ಪರೀಕ್ಷಕರು ರಟ್ಟು ಹಾಕಿದ ಥೀಸಿಸ್ ತೆರೆಯುವ ಮೊದಲು ಇದನ್ನು ಕೇಳಲಿ. ಹೊಸ ಸಮಿತಿ ಬೇಡ, ಅರ್ಧ ತಾಸು ಸಾಕು.