ಮೂರು ಲೋಟ, ಒಂದು ಗೋಡಂಬಿ

ನಿನ್ನೆ ರಾತ್ರಿ ಊಟ ಆದ್ಮೇಲೆ ನಮ್ಮನೇಲಿ ಮೂರು ಸ್ಟೀಲ್ ಲೋಟ ಬೋರಲು ಹಾಕ್ಕೊಂಡು ಹನ್ನೊಂದೂವರೆ ತನಕ ಜಗಳ. ಅದೇ ಹಳೇ ಮಾಂಟಿ ಹಾಲ್ ಲೆಕ್ಕ. ಗೊತ್ತಿಲ್ದೇ ಇರೋರಿಗೆ: ಮಾಂಟಿ ಹಾಲ್ ಅನ್ನೋನು ಆ್ಯಂಕರ್ ಆಗಿದ್ದ ಅಮೆರಿಕದ ಟೀವಿ ಶೋ, ಮೂರು ಬಾಗಿಲು, ಒಂದರ ಹಿಂದೆ ಕಾರು, ಇನ್ನೆರಡರ ಹಿಂದೆ ಮೇಕೆ. ನೀವು ಒಂದು ಬಾಗಿಲು ಹೇಳ್ತೀರ, ಕಾರು ಎಲ್ಲಿದೆ ಅಂತ ಗೊತ್ತಿರೋ ಆ್ಯಂಕರ್ ಉಳಿದೆರಡರಲ್ಲಿ ಮೇಕೆ ಇರೋದೊಂದನ್ನ ತೆಗೆದು ತೋರಿಸಿ, ಈಗ ಬದಲಾಯಿಸ್ತೀರಾ ಅಂತಾನೆ. ಬದಲಾಯಿಸಿದ್ರೆ ಗೆಲ್ಲೋ ಚಾನ್ಸ್ ಮೂರರಲ್ಲಿ ಎರಡು. ನಮ್ಮ ಭಾವ ಇಂಜಿನಿಯರ್ರು, ಸುತರಾಂ ಒಪ್ಪಲ್ಲ. "ಉಳಿದಿರೋದು ಎರಡು ಕಣೋ, ಫಿಫ್ಟಿ ಫಿಫ್ಟಿ, ಮುಗೀತು."

ಭಾವನ್ನ ನೋಡಿ ನಗೋ ಹಾಗಿಲ್ಲ ಬಿಡಿ. 1975ರಲ್ಲೇ ಸ್ಟೀವ್ ಸೆಲ್ವಿನ್ ಅನ್ನೋ ಸ್ಟಾಟಿಸ್ಟಿಕ್ಸ್ ಮೇಷ್ಟ್ರು ಬಿಡಿಸಿಟ್ಟಿದ್ದ ಲೆಕ್ಕ ಇದು. 1990ರಲ್ಲಿ ಮರ್ಲಿನ್ ವಾಸ್ ಸಾವಂಟ್ ಪೆರೇಡ್ ಪತ್ರಿಕೆ ಅಂಕಣದಲ್ಲಿ ಅದೇ ಸರಿಯುತ್ತರ ಬರೆದಿದ್ದಕ್ಕೆ ಸುಮಾರು 10,000 ಕಾಗದ ಬಂತು, ಅದ್ರಲ್ಲಿ ಹತ್ತತ್ರ ಸಾವಿರ ಪಿಎಚ್‌ಡಿ ಇರೋರದ್ದು, ಬಹುಪಾಲು ನಿಮ್ಮದೇ ತಪ್ಪು ಅಂತ. ಪಾಲ್ ಎರ್ಡಿಶ್ ಅಂಥ ದೈತ್ಯ ಗಣಿತಜ್ಞನೇ ಕಂಪ್ಯೂಟರಲ್ಲಿ ಆಡಿಸಿ ತೋರಿಸೋ ತನಕ ನಂಬಲಿಲ್ಲ.

ನಾನು ಮೊದ್ಲು ಲೋಟದಡಿ ಗೋಡಂಬಿ ಬಚ್ಚಿಟ್ಟು ಒಂದಷ್ಟು ಸಲ ಆಡಿಸ್ದೆ, ಭಾವ ಪ್ರತಿ ಸಲ ಹಠ ಹಿಡಿದು ಮೊದಲನೇದಕ್ಕೇ ಅಂಟ್ಕೊಂಡ್ರು, ಸೋತ್ರೆ "ಲಕ್ಕು" ಅಂದ್ರು. ನೂರು ಬಾಗಿಲು ಇದ್ರೆ ಅಂತ ಶುರು ಮಾಡಿದ್ರೆ "ನೂರರ ಕಥೆ ಬೇಡ, ಮೂರರದ್ದು ಹೇಳು". ಕೊನೆಗೆ ಬೇಜಾರಾಗಿ ಅವರನ್ನೇ ಆ್ಯಂಕರ್ ಮಾಡ್ದೆ. ಅವರು ಬಚ್ಚಿಡೋದು, ನಾನು ಪ್ರತಿ ಸಲ ಬದಲಾಯಿಸೋದು. ಹತ್ತನೇ ಆಟಕ್ಕೋ ಏನೋ ಭಾವ ಕೈ ಅರ್ಧಕ್ಕೆ ನಿಲ್ಲಿಸಿ, "ಅಲ್ವೋ, ನೀನು ಖಾಲಿ ಲೋಟ ಮುಟ್ಟಿದಾಗೆಲ್ಲಾ ನನಗೆ ಎತ್ತೋಕೆ ಇರೋದು ಒಂದೇ ಲೋಟ!" ಅಂದ್ರು. ಅಷ್ಟೇ ಸ್ವಾಮಿ ಇರೋದು. ಮೂರರಲ್ಲಿ ಎರಡು ಸಲ ನಾವು ಖಾಲೀದನ್ನೇ ಮುಟ್ಟಿರ್ತೀವಿ, ಆಗ ಆ್ಯಂಕರ್ ಎತ್ತದೆ ಬಿಟ್ಟಿದ್ದರಲ್ಲೇ ಗೋಡಂಬಿ. ಆಡೋನ ಜಾಗದಲ್ಲಿ ಕೂತು ಎಷ್ಟು ತಲೆ ಕೆರ್ಕೊಂಡ್ರೂ ಇದು ಕಾಣಲ್ಲ, ಆ್ಯಂಕರ್ ಜಾಗದಲ್ಲಿ ಕೂತ್ರೆ ಕೈಗೇ ಗೊತ್ತಾಗುತ್ತೆ. ಅವನಿಗೂ ಗೊತ್ತಿಲ್ದೇ ಸುಮ್ನೆ ಎತ್ತಿದ್ದು ಅಕಸ್ಮಾತ್ ಖಾಲಿ ಇತ್ತು ಅಂದ್ರೆ ಆಗ ಮಾತ್ರ ಭಾವನ ಫಿಫ್ಟಿ ಫಿಫ್ಟಿ ಸರಿ.

ಇನ್ನೊಂದಿದೆ, ಲೆಕ್ಕಕ್ಕೆ ಸೇರದ್ದು. ಬದಲಾಯಿಸಿ ಸೋತ್ರೆ "ಕೈಲಿದ್ದದ್ದನ್ನ ಬಿಟ್ನಲ್ಲಾ" ಅಂತ ಹೊಟ್ಟೆ ಉರಿಯೋದು ಜಾಸ್ತಿ, ಬದಲಾಯಿಸ್ದೇ ಸೋತ್ರೆ ಹಣೆಬರಹ ಅಂತ ಮಲಗಬಹುದು.

ಆಮೇಲೆ 1991ರಲ್ಲಿ ಮಾಂಟಿ ಹಾಲ್ ತನ್ನ ಮನೇಲೇ ಒಬ್ಬ ಪತ್ರಕರ್ತನ ಜೊತೆ ಈ ಆಟ ಆಡಿ, ಅವನು ಸರಿಯಾಗಿ ಆರಿಸಿದಾಗ ಮಾತ್ರ ಬದಲಾಯಿಸೋ ಆಸೆ ತೋರಿಸಿ ಬೇಕಂತಲೇ ಸೋಲಿಸಿದ್ದ ಕಥೆ ಇದ್ಯಲ್ಲ, ಅದನ್ನ ಹೇಳಿದ್ದೇ ತಪ್ಪಾಯ್ತು. ಬೆಳಿಗ್ಗೆ ಆರಕ್ಕೇ ಭಾವನ ವಾಟ್ಸಾಪ್: "ನಿನ್ನೆ ಫಸ್ಟ್ ನೀನು ಬಚ್ಚಿಟ್ಯಲ್ಲ, ಅದು ಲೆಕ್ಕಕ್ಕಿಲ್ಲ."