ತಮ್ಮನ ಮುಖ ನೋಡೋಕೂ ಕನ್ವೀನಿಯನ್ಸ್ ಫೀಸು

ನನ್ನ ತಮ್ಮ ಟೆಕ್ಸಾಸ್‌ನ ಒಂದು ಕೌಂಟಿ ಜೈಲಿನಲ್ಲಿದ್ದಾನೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಯಾವ ಕೌಂಟಿ, ಏನು ಕೇಸು ಅಂತ ಬರೆಯುವುದಿಲ್ಲ. ವಕೀಲರು ಬಾಯಿ ಮುಚ್ಚಿಕೊಂಡಿರಿ ಅಂದಿದ್ದಾರೆ. ಕೇಸಿನ ಬಗ್ಗೆ ಮುಚ್ಚಿಕೊಂಡೇ ಇದ್ದೇನೆ. ಆದರೆ ಅವನನ್ನು ನೋಡಲು ಪಡುತ್ತಿರುವ ಪಾಡಿನ ಬಗ್ಗೆ ಸುಮ್ಮನಿರಲು ಆಗುತ್ತಿಲ್ಲ.

ನಮ್ಮವರಲ್ಲಿ ತುಂಬಾ ಜನರಿಗೆ ಇದು ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ. ಕೌಂಟಿ ಜೈಲಿನಲ್ಲಿ ಇದ್ದಾನೆ ಅಂದ ಮಾತ್ರಕ್ಕೆ ಅಪರಾಧಿ ಅಂತ ಅಲ್ಲ. ಅಮೆರಿಕದ ಇಂಥ ಜೈಲುಗಳಲ್ಲಿ ಇರುವವರಲ್ಲಿ ಮೂರನೇ ಎರಡು ಪಾಲಿಗಿಂತ ಜಾಸ್ತಿ ಜನರಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ. ವಿಚಾರಣೆಗೆ ಕಾಯುತ್ತಾ ಕೂತವರು. ನನ್ನ ತಮ್ಮನೂ ಅವರಲ್ಲಿ ಒಬ್ಬ. 'ಬಾಂಡ್ ಕಟ್ಟಿ ಬಿಡಿಸಿಕೊಂಡು ಬರಬಾರದಾ' ಅಂತ ಎಲ್ಲರೂ ಕೇಳುತ್ತಾರೆ. ಕಟ್ಟಬಹುದಿತ್ತು. ಬಾಂಡ್ ಮಾಡಿಸುವವನಿಗೆ ಸಾಮಾನ್ಯವಾಗಿ ಜಾಮೀನು ಮೊತ್ತದ 10 ಪರ್ಸೆಂಟ್ ಕೊಡಬೇಕು, ಆ ದುಡ್ಡು ವಾಪಸ್ ಬರಲ್ಲ, ಅದೂ ಆಯ್ತು ಅಂದುಕೊಳ್ಳಿ. ಆದರೆ ಅವನ ಮೇಲೆ ಇಮಿಗ್ರೇಶನ್ ಹೋಲ್ಡ್ ಇದೆ. ಬಾಂಡ್ ಕಟ್ಟಿದ ತಕ್ಷಣ ಮನೆಗೆ ಬಿಡಲ್ಲ, ಐಸ್ (ICE) ಅನ್ನುವ ವಲಸೆ ಇಲಾಖೆಯವರು ಬಂದು ಕರೆದುಕೊಂಡು ಹೋಗಲಿ ಅಂತ ಇನ್ನೂ 48 ಗಂಟೆ ಇಟ್ಟುಕೊಳ್ಳಬಹುದು. ಅವರು ಒಯ್ದರೆ ಯಾವ ಊರಿನ ಯಾವ ಡಿಟೆನ್ಷನ್ ಸೆಂಟರಿಗೆ ಅಂತ ಯಾರಿಗೆ ಗೊತ್ತು? ಸದ್ಯಕ್ಕೆ ಇಲ್ಲೇ ಇರಲಿ ಅಂದರು ವಕೀಲರು. ಹತ್ತಿರ ಇದ್ದಾನಲ್ಲ, ನೋಡಿಕೊಂಡಾದರೂ ಬರಬಹುದು ಅಂದುಕೊಂಡೆವು.

ನೋಡೋಕೆ ಮೊದಲು ಅವನು ಕಂಪ್ಯೂಟರಿನಲ್ಲಿ ಸಿಗಬೇಕಲ್ವಾ. ಹೆಸರು ಹಾಕಿದರೆ ಅಂಥವರು ಯಾರೂ ಇಲ್ಲ ಅಂತ ಬರುತ್ತದೆ. ಎದೆ ಧಸಕ್ ಅಂತು. ಆಮೇಲೆ ನೆನಪಾಯಿತು, ಅವನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಇದು ಮಾಮೂಲು. ಅಂಥವರಿಗೆಲ್ಲ ಅಮೆರಿಕದ ವೀಸಾದಲ್ಲಿ ಇದ್ದ ಹೆಸರನ್ನೇ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಅಂತ ಒತ್ತುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಜೈಲಿನ ಪಟ್ಟಿಯಲ್ಲೂ ನಮ್ಮ ಹುಡುಗ ಎಫ್‌ಎನ್‌ಯು. ನನ್ನ ಲೈಸೆನ್ಸಿನಲ್ಲಿ ಗಂಡನ ಮನೆ ಹೆಸರು. ಇಬ್ಬರ ಹೆಸರಿನಲ್ಲಿ ಒಂದಕ್ಷರವೂ ಸೇರುವುದಿಲ್ಲ. ನಾನು ಅಕ್ಕ ಅಂತ ಕೌಂಟರಿನಲ್ಲಿರುವವಳನ್ನು ನಂಬಿಸುವುದು ಬೇರೆ ಕಥೆ. ಸಂಬಂಧ ಅನ್ನುವ ಕಡೆ ಕೊನೆಗೆ 'ಫ್ರೆಂಡ್' ಅಂತ ಬರೆದುಕೊಂಡಳು.

ಇನ್ನು ಸ್ಲಾಟ್. ಅವನು ಯಾವ ಪಾಡ್‌ನಲ್ಲಿ, ಅಂದರೆ ಜೈಲಿನ ಯಾವ ವಿಭಾಗದಲ್ಲಿ ಇದ್ದಾನೋ ಅದರ ಮೇಲೆ ದಿನ, ಹೊತ್ತು ಎಲ್ಲ ನಿರ್ಧಾರ. ಒಂದು ದಿನ ಮುಂಚೆಯೇ ಬುಕ್ ಮಾಡಬೇಕು. ಬುಕ್ ಆದ ಮೇಲೆ ಅವನನ್ನು ಬೇರೆ ಪಾಡ್‌ಗೆ ಹಾಕಿದರೆ ನಿಮ್ಮ ಸ್ಲಾಟ್ ಸತ್ತ ಹಾಗೆ. ಹಾಕಿದ್ದೇವೆ ಅಂತ ಯಾರೂ ಫೋನ್ ಮಾಡಿ ಹೇಳಲ್ಲ. ಲಾಕ್‌ಡೌನ್ ಅಂತ ಎಲ್ಲರನ್ನೂ ಒಳಗೇ ಕೂಡಿಹಾಕಿದರೂ ಅಷ್ಟೇ. ಆಫೀಸಿಗೆ ರಜೆ ಹಾಕಿ, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಮುಕ್ಕಾಲು ಗಂಟೆ ಕಾರು ಓಡಿಸಿಕೊಂಡು ಬಂದು ಬಾಗಿಲಲ್ಲಿ ನಿಂತ ಮೇಲೆ ಗೊತ್ತಾಗುತ್ತದೆ. ದುಪಟ್ಟ ಬೇಡ, ತೋಳಿಲ್ಲದ್ದು ಬೇಡ, ಬ್ಯಾಗು ಬೇಡ, ಫೋನು ಬೇಡ. ಪಟ್ಟಿ ಗೋಡೆ ಮೇಲೆ ಒಂದು ಥರ ಇದೆ, ವೆಬ್‌ಸೈಟಿನಲ್ಲಿ ಇನ್ನೊಂದು ಥರ ಇದೆ, ಡ್ಯೂಟಿಯಲ್ಲಿರುವವನ ಬಾಯಲ್ಲಿ ಮತ್ತೊಂದು ಥರ.

ಇಷ್ಟನ್ನೂ ಸಹಿಸಿಕೊಳ್ಳುತ್ತೇನೆ. ಜೈಲು ಅಂದಮೇಲೆ ನಿಯಮ ಇರಬೇಕು, ಒಪ್ಪಿದೆ. ಒಳಗೆ ಹೋದ ಮೇಲೆ ಏನು ಸಿಗುತ್ತದೆ ಗೊತ್ತಾ? ಒಂದು ಸ್ಕ್ರೀನ್. ಲಾಬಿಯಲ್ಲಿ ಸಾಲಾಗಿ ಸ್ಕ್ರೀನುಗಳಿವೆ, ಅದಕ್ಕೆ ಕಬ್ಬಿಣದ ಹಗ್ಗದಲ್ಲಿ ಕಟ್ಟಿದ ರಿಸೀವರ್. ನನ್ನ ತಮ್ಮ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಇನ್ನೊಂದು ಸ್ಕ್ರೀನ್ ಮುಂದೆ ಕೂತಿರುತ್ತಾನೆ. ಗಾಜಿನ ಆಚೆ ಈಚೆ ಕೂರುವುದೂ ಇಲ್ಲ. ಕ್ಯಾಮೆರಾ ಮೇಲಿದೆ, ಹಾಗಾಗಿ ಅವನು ನನ್ನನ್ನು ನೋಡಿದರೆ ನೆಲ ನೋಡಿದ ಹಾಗೆ ಕಾಣುತ್ತದೆ. ತೆಳ್ಳಗಾಗಿದ್ದಾನಾ, ಕಣ್ಣು ಕೆಂಪಗಾಗಿದೆಯಾ, ಕೈ ನಡುಗುತ್ತಿದೆಯಾ, ಒಂದೂ ತಿಳಿಯಲ್ಲ. ಅವನ ಬೆನ್ನ ಹಿಂದೆ ಯಾರೋ ಟವೆಲ್ ಸುತ್ತಿಕೊಂಡು ಓಡಾಡುತ್ತಾರೆ. ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ. 20 ನಿಮಿಷ. ಮಾತಿನ ನಡುವೆ ಚಿತ್ರ ನಿಂತುಹೋದರೂ ಗಡಿಯಾರ ಮಾತ್ರ ನಿಲ್ಲಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ. ಟೆಕ್ಸಾಸ್‌ನಲ್ಲಿ ಕೌಂಟಿ ಜೈಲಿನಲ್ಲಿರುವವರಿಗೆ ವಾರಕ್ಕೆ ಕನಿಷ್ಠ 2 ಭೇಟಿ, ಒಂದೊಂದು ಕನಿಷ್ಠ 20 ನಿಮಿಷ ಕೊಡಬೇಕು. 2015 ರಲ್ಲಿ ಇನ್ನೊಂದು ಕಾನೂನು ತಂದು ಆ ಭೇಟಿ ಎದುರು-ಬದುರಾಗಿಯೇ ಇರಬೇಕು ಅಂದರು. ಒಳ್ಳೆಯದೇ. ಆದರೆ ಅಷ್ಟರಲ್ಲಾಗಲೇ ವಿಡಿಯೋ ಅಂತ ಕಟ್ಟಡಕ್ಕೆ ದುಡ್ಡು ಸುರಿದಿದ್ದ ಕೌಂಟಿಗಳಿಗೆ ವಿನಾಯ್ತಿ ಕೊಟ್ಟುಬಿಟ್ಟರು. ನನ್ನ ತಮ್ಮ ಇರುವುದು ಅಂಥದ್ದರಲ್ಲಿ. ಪಕ್ಕದ ಕೌಂಟಿಯಲ್ಲಿ ಸಿಕ್ಕಿಬಿದ್ದಿದ್ದರೆ ಗಾಜಿನ ಆಚೆಯಾದರೂ ಮುಖ ನೋಡುತ್ತಿದ್ದೆ. ಎಂಥ ಲೆಕ್ಕ ಇದು? ಅಂದ ಹಾಗೆ, ಇಲ್ಲಿ ಜೈಲು ನಡೆಸುವ ಶೆರಿಫ್ 4 ವರ್ಷಕ್ಕೊಮ್ಮೆ ಓಟು ಕೇಳಿಕೊಂಡು ಬರುವವನು. ಜೈಲಿನ ಲಾಬಿ ಬಗ್ಗೆ ಅವನನ್ನು ಕೇಳುವವರು ಯಾರು? ನನಗಂತೂ ಓಟಿಲ್ಲ.

ವಿಡಿಯೋ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ವಿಡಿಯೋ ಬೇಕಾಗಿರುವುದು ನಮ್ಮ ಅಮ್ಮನಿಗೆ. ಅವಳು ಹಾಸನದಲ್ಲಿದ್ದಾಳೆ, ಮಂಡಿ ನೋವು, ವೀಸಾ ಇಲ್ಲ. ಈ ಸ್ಕ್ರೀನ್ ಹುಟ್ಟಿದ್ದೇ ಅವಳಂಥವರಿಗೆ ಅಂತ ಹೇಳಬಹುದು. ಅವಳಿಗೆ ಅದು ಸಿಗಲ್ಲ! ಮನೆಯಿಂದ ಮಾಡುವ ವಿಡಿಯೋ ಕಾಲ್‌ಗೆ ಖಾತೆ ತೆರೆಯಬೇಕು, ಖಾತೆಗೆ ಇಲ್ಲಿನ ಫೋನ್ ನಂಬರ್ ಬೇಕು, ಇಲ್ಲಿನ ಐಡಿ ಬೇಕು. ಆಧಾರ್ ಕಾರ್ಡಿನ ಫೋಟೋ ಹಾಕಿದೆ, ರಿಜೆಕ್ಟ್. ಪಾಸ್‌ಪೋರ್ಟ್ ಹಾಕಿದೆ, ಅದೂ ರಿಜೆಕ್ಟ್. ಅವನು ನನಗೆ ಫೋನ್ ಮಾಡಿದಾಗ ಅಮ್ಮನನ್ನು ಕಾನ್ಫರೆನ್ಸ್‌ಗೆ ಸೇರಿಸೋಣ ಅಂದರೆ, ಮೂರನೆಯವರು ಸೇರಿದ್ದು ಗೊತ್ತಾದ ಕೂಡಲೇ ಲೈನ್ ಕಟ್. ಇನ್ನೊಂದು ಸಲ ಮಾಡಿದರೆ ನಂಬರ್ ಬ್ಲಾಕ್ ಅಂತ ಎಚ್ಚರಿಕೆ ಬೇರೆ. ಹೀಗೆ, 8,000 ಮೈಲಿಗಿಂತ ದೂರ ಇರುವವಳಿಗೆ ವಿಡಿಯೋ ಇಲ್ಲ. ಅದೇ ಕಟ್ಟಡದೊಳಗೆ ನಿಂತಿರುವ ನನಗೆ ವಿಡಿಯೋ ಬಿಟ್ಟು ಬೇರೇನೂ ಇಲ್ಲ. ಬಾವಿ ಕಟ್ಟೆ ಮೇಲೆ ನಿಂತವನಿಗೆ ಬಾಟಲಿ ನೀರು ಮಾರಿದ ಹಾಗಾಯಿತು.

ಮಾರುವುದು ಅಂದೆನಲ್ಲ, ಅದೇ ವಿಷಯ. ಲಾಬಿಯ ಸ್ಕ್ರೀನ್ ಫ್ರೀ. ಆದರೆ ಅದರ ಸ್ಲಾಟುಗಳು ಯಾವಾಗಲೂ ತುಂಬಿರುತ್ತವೆ. ಮನೆಯಿಂದ ಮಾಡುವ ವಿಡಿಯೋಗೆ ಸ್ಲಾಟು ಬೇಕಾದಷ್ಟು, ಅದಕ್ಕೆ ದುಡ್ಡು. ಖಾತೆಗೆ ದುಡ್ಡು ಹಾಕಲೂ ಕನ್ವೀನಿಯನ್ಸ್ ಫೀಸು. ಯಾರ ಕನ್ವೀನಿಯನ್ಸು ಸ್ವಾಮಿ?

ಈ ದಂಧೆ ಇವತ್ತಿನದಲ್ಲ. ವಾಷಿಂಗ್ಟನ್‌ನ ಮಾರ್ಥಾ ರೈಟ್ ಅನ್ನುವ ಕಣ್ಣು ಕಾಣದ ಅಜ್ಜಿ, ಜೈಲಿನಲ್ಲಿದ್ದ ಮೊಮ್ಮಗನ ಜೊತೆ ಮಾತಾಡಲು ಇಷ್ಟು ದುಡ್ಡಾ ಅಂತ ಹೋರಾಟಕ್ಕಿಳಿದವಳು. 2003 ರಲ್ಲಿ ಎಫ್‌ಸಿಸಿ, ಅಂದರೆ ಫೋನ್ ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯ ಬಾಗಿಲು ತಟ್ಟಿದಳು. 2015 ರಲ್ಲಿ ತೀರಿಕೊಂಡಳು. ಅವಳ ಹೆಸರಿನ ಕಾನೂನಿಗೆ ಸಹಿ ಬಿದ್ದದ್ದು 2023 ರ ಜನವರಿಯಲ್ಲಿ. ಅದರ ಮೇಲೆ 2024 ರಲ್ಲಿ ಎಫ್‌ಸಿಸಿ ದರಕ್ಕೆ ಮಿತಿ ಹಾಕಿತು. ದೊಡ್ಡ ಜೈಲುಗಳಲ್ಲಿ ಫೋನಿಗೆ ನಿಮಿಷಕ್ಕೆ 6 ಸೆಂಟ್, ವಿಡಿಯೋಗೆ 11 ಸೆಂಟ್. ಕಂಪನಿಗಳು ಜೈಲಿಗೆ ಕಮಿಷನ್ ಕೊಡುವುದೂ ಬಂದ್, ಮೇಲಿನ ಫೀಸುಗಳೂ ಬಂದ್ ಅಂದರು. ಖುಷಿಪಡಬೇಕು ಅನ್ನುವಷ್ಟರಲ್ಲಿ 2025 ರ ಜೂನ್‌ನಲ್ಲಿ ಜಾರಿಯನ್ನು 2027 ಕ್ಕೆ ಮುಂದೂಡಿದರು. ಅದೇ ಅಕ್ಟೋಬರ್‌ನಲ್ಲಿ ಮಿತಿಯನ್ನೇ ಏರಿಸಿದರು. ಒಂದು ಮುದುಕಿ ಕಣ್ಣು ಕಾಣದೆ ಅಷ್ಟು ವರ್ಷ ಬಡಿದಾಡಿದ್ದನ್ನು ಎಷ್ಟು ಸಲೀಸಾಗಿ ಪಕ್ಕಕ್ಕೆ ಸರಿಸಿದರು ನೋಡಿ.

ಕನ್ನಡ ಕೂಟದಲ್ಲಿ ಸಿಕ್ಕವರು 'ತಮ್ಮ ಕಾಣಿಸ್ತಾನೇ ಇಲ್ಲ' ಅನ್ನುತ್ತಾರೆ. ಪ್ರಾಜೆಕ್ಟ್ ಮೇಲೆ ಹೋಗಿದ್ದಾನೆ ಅನ್ನುತ್ತೇನೆ. ಅಮ್ಮನಿಗೆ ದಿನಾ ಏನೋ ಒಂದು ಹೇಳುತ್ತೇನೆ. ಊಟ ಮಾಡ್ತಾನಂತಾ ಅಂತ ಕೇಳುತ್ತಾಳೆ. ಮಾಡ್ತಾನೆ ಅನ್ನುತ್ತೇನೆ. ಆ ಸ್ಕ್ರೀನಿನಲ್ಲಿ ನನಗೇ ಗೊತ್ತಾಗಿಲ್ಲ.

ಈ ಶನಿವಾರದ್ದು ಬುಕ್ ಮಾಡಿದ್ದೆ. ಶುಕ್ರವಾರ ರಾತ್ರಿ ಆ್ಯಪ್ ತೆರೆದು ನೋಡಿದರೆ ಕ್ಯಾನ್ಸಲ್. ಕಾರಣ ಇಲ್ಲ. ಪಾಡ್ ಬದಲಾಯಿತೋ, ಅವನಿಗೆ ಮೈ ಹುಷಾರಿಲ್ಲವೋ, ಜಗಳವೋ, ಏನೂ ಬರೆದಿಲ್ಲ. ಫೋನ್ ಮಾಡಿದರೆ ರೆಕಾರ್ಡಿಂಗು, ಬೆಳಗ್ಗೆ 8 ರ ಮೇಲೆ ಮಾಡಿ ಅಂತ. ಕೆಳಗೆ ಮಾತ್ರ ಒಂದು ಪ್ರಶ್ನೆ: ನಮ್ಮ ಸೇವೆಗೆ 5 ರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ? ಸೊನ್ನೆ ಒತ್ತಲು ಜಾಗವೇ ಇಲ್ಲ. ಒಂದಾದರೂ ಒತ್ತದೆ ಹೋದರೆ ಮುಂದಿನ ವಾರದ ಸ್ಲಾಟುಗಳು ತೆರೆಯುವುದಿಲ್ಲ. ಒತ್ತಿದೆ.