ಪಹಣಿಯಲ್ಲಿ ಅಜ್ಜಿಯ ಹೆಸರಿರಲಿಲ್ಲ

ಕಳೆದ ವಾರ ಮಂಡ್ಯದ ಹತ್ತಿರದ ನಮ್ಮ ಊರಿನಲ್ಲಿ ಅಜ್ಜಿಯ ವರ್ಷದ ತಿಥಿ ನಡೆಯಿತು. ಬಂದವರೆಲ್ಲ ಆಕೆಯನ್ನು ಅನ್ನಪೂರ್ಣೆ ಎಂದರು, ತ್ಯಾಗಮಯಿ ಎಂದರು. ಸತ್ತ ಮುದುಕಿಯರ ಬಗ್ಗೆ ಈ ಎರಡು ಮಾತು ಆಡಿ ಎದ್ದುಹೋಗುವುದು ನಮ್ಮ ಸೋಮಾರಿತನವೆಂದೇ ನನಗನ್ನಿಸುತ್ತದೆ. ನನ್ನ ಅಜ್ಜಿ ಮೊದಲಿಗೆ ಬೇಸಾಯಗಾರ್ತಿ, ಅಡುಗೆಮನೆಯ ಮಾತು ಆಮೇಲಿನದು.

ಆಧಾರ್ ಕಾರ್ಡಿನಲ್ಲಿ ಆಕೆ ಹುಟ್ಟಿದ್ದು 1942ರ ಜನವರಿ 1ರಂದು. ಬರೆದುಕೊಳ್ಳುವವನಿಗೆ ಒಂದು ತಾರೀಖು ಬೇಕಿತ್ತು, ಹಾಕಿಕೊಂಡ. ಆದರೆ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದ ವರ್ಷ, ಅಂದರೆ 1933ರಲ್ಲಿ, ತನ್ನ ಅಣ್ಣ ಹುಟ್ಟಿದನೆಂದೂ ತಾನು ಅವನಿಗಿಂತ ಎರಡು ವರ್ಷಕ್ಕೆ ಚಿಕ್ಕವಳೆಂದೂ ಅಜ್ಜಿ ಹೇಳುತ್ತಿದ್ದಳು. ವಿಶ್ವೇಶ್ವರಯ್ಯ ನಾಲೆಯನ್ನು ಕೊನೆಯವರೆಗೂ ಅದರ ಹಳೆಯ ಹೆಸರಿನಿಂದ ಇರ್ವಿನ್ ನಾಲೆ ಎಂದೇ ಕರೆದವಳ ಲೆಕ್ಕವನ್ನು ನಾನು ಕಾರ್ಡಿಗಿಂತ ಹೆಚ್ಚು ನಂಬುತ್ತೇನೆ.

ತಾತನಿಗೆ ಉಬ್ಬಸವಿತ್ತು. ಹಾಗಾಗಿ ಕಟ್ಟು ನೀರಿನ ಸರದಿ ರಾತ್ರಿ ಬಂದಾಗಲೆಲ್ಲ ಅಜ್ಜಿಯೇ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಲಾಟೀನು, ಇನ್ನೊಂದರಲ್ಲಿ ಸಲಿಕೆ ಹಿಡಿದು ಗದ್ದೆಗೆ ಹೋಗಿ, ಮೇಲಿನ ಗದ್ದೆಯವರು ಬದು ಒಡೆದು ನೀರನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳದಂತೆ ಬೆಳಗಿನವರೆಗೂ ಕಾಯುತ್ತಿದ್ದಳು. ಆಕೆಗೆ ಓದು ಬರುತ್ತಿರಲಿಲ್ಲ. ಮಳೆಗಾಲ ಹಿಡಿಯಿತೆಂದರೆ ದಿನವೂ ನನ್ನ ಮುಂದೆ ಪತ್ರಿಕೆ ಹಿಡಿದು, “ಕಟ್ಟೆ ಎಷ್ಟಡಿ ಆಯ್ತು ನೋಡ್ಲಾ ಮಗ” ಎನ್ನುತ್ತಿದ್ದಳು. ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ ಎಂಬುದು ನನಗೆ ಶಾಲೆಯಲ್ಲಿ ತಿಳಿದದ್ದಲ್ಲ. ನೂರು ದಾಟಿದೆ ಎಂದು ಓದಿದ ದಿನ ಆಕೆ ಭತ್ತದ ಸಸಿಗೆ ಒಟ್ಲು ಹಾಕುವ ಮಾತು ತೆಗೆಯುತ್ತಿದ್ದಳು.

ಇಷ್ಟೆಲ್ಲ ಮಾಡಿದವಳ ಹೆಸರು ಪಹಣಿಯಲ್ಲಿ ಒಂದು ದಿನವೂ ಇರಲಿಲ್ಲ. ತಾತ ತೀರಿಕೊಂಡ ಮೇಲೆ ಪೌತಿ ಖಾತೆ ಅಪ್ಪ ಮತ್ತು ಚಿಕ್ಕಪ್ಪನ ಹೆಸರಿಗಾಯಿತು. ಇದನ್ನು ಅಜ್ಜಿಗೆ ಆದ ಅನ್ಯಾಯವೆಂದಷ್ಟೇ ಬರೆದು ನಿಲ್ಲಿಸಿದರೆ ನಾನೂ ಆಕೆಯನ್ನು ದೇವರ ಪಟದೊಳಗೆ ಕೂರಿಸಿದ ಹಾಗಾಗುತ್ತದೆ. ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಜಾರಿಗೆ ಬಂದಿತ್ತು. ಅದಾದ ಮೇಲೂ ಇಬ್ಬರು ಅತ್ತೆಯರನ್ನು ಕರೆಸಿ, ಅರಿಶಿನ ಕುಂಕುಮ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದವಳು ಅಜ್ಜಿಯೇ. “ತವರಿನ ಬಾಗ್ಲು ಬೇಕಾ, ಗದ್ದೆ ಬೇಕಾ?” ಎಂದು ಆಕೆ ಕೇಳಿದಾಗ ನಾನು ಅಲ್ಲಿಯೇ ಇದ್ದೆ. ದೊಡ್ಡತ್ತೆ ಮಾತಾಡದೆ ಸಹಿ ಹಾಕಿದರು. ತುಪ್ಪವನ್ನೂ ಅಷ್ಟೇ, ನನ್ನ ತಟ್ಟೆಗೆ ಎರಡು ಚಮಚ, ತಂಗಿಯ ತಟ್ಟೆಗೆ ಒಂದು.

ಆಕೆ ಹಿಟ್ಟು ತಿರುವುವುದನ್ನು ನೋಡಬೇಕಿತ್ತು. ಎಸರು ಕೊತಕೊತ ಕುದಿಯುವಾಗ ರಾಗಿ ಹಿಟ್ಟು ಸುರಿದು ಬೇಯಲು ಬಿಟ್ಟು, ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲನ್ನು ಅದಕ್ಕೆ ಆನಿಸಿ ಎರಡೂ ಪಾದಗಳಿಂದ ಒತ್ತಿ ಹಿಡಿದು ಕೋಲಾಡಿಸುತ್ತಿದ್ದಳು. ಒಂದು ಗಂಟೂ ನಿಲ್ಲುತ್ತಿರಲಿಲ್ಲ. ಪಾದಗಳ ಒಳಮೈಯಲ್ಲಿ ಆ ಕೋಲು ಮಾಡಿದ ಜಡ್ಡು ಕಡೆಯವರೆಗೂ ಹಾಗೇ ಇತ್ತು.

ತಿಥಿಯ ದಿನ ಊಟವಾದ ಮೇಲೆ ದೊಡ್ಡತ್ತೆ ಅಪ್ಪನ ಹತ್ತಿರ ಬಂದು, ಗದ್ದೆಯ ಸುದ್ದಿ ಎತ್ತದೆ, “ಅವ್ವನ ಕವೆಗೋಲು ಇದ್ರೆ ಕೊಡಪ್ಪ” ಎಂದರು. ಅಪ್ಪ ಅಟ್ಟ ಹತ್ತಿ ಬಹಳ ಹೊತ್ತು ಹುಡುಕಿದರು. ಅಡುಗೆಮನೆ ಒಡೆದು ಕಟ್ಟಿಸಿದ ವರ್ಷ ಅದನ್ನು ನೀರೊಲೆಗೆ ಹಾಕಿದ್ದು ಅಮ್ಮನಿಗೆ ಆಮೇಲೆ ನೆನಪಾಯಿತು.